ಚಿತ್ರದಲ್ಲಿರುವ ವಸ್ತುಗಳು ಬೇರೆ, ಚಿತ್ರದ ವಸ್ತು ಬೇರೆ

ಹಂಪಿಯ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದಲ್ಲಿ ನಿಂತು ಕತ್ತೆತ್ತಿದರೆ ಚಾವಣಿಯಲ್ಲಿ ಒಂದು ಪಲ್ಲಕ್ಕಿ ಕಾಣುತ್ತದೆ. ಹಿಂದೆ ಮುಂದೆ ಪರಿವಾರ, ನಡುವೆ ಪಲ್ಲಕ್ಕಿಯಲ್ಲಿ ಕೂತವರು ವಿದ್ಯಾರಣ್ಯರು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ ಇನ್ನೊಂದು ಪಲ್ಲಕ್ಕಿ ಇದೆ. ಅದರಲ್ಲಿ ಗಾಯಗೊಂಡ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೇಲಿ ಕೂತಿದ್ದಾನೆ. ಅವನ ಸುತ್ತ 1780ರ ಪೊಳ್ಳಿಲೂರು ಯುದ್ಧ ನಡೆಯುತ್ತಿದೆ. ಮೂರನೆಯ ಪಲ್ಲಕ್ಕಿಗೆ ಮಲೆನಾಡಿಗೆ ಹೋಗಬೇಕು. ಸಾಗರದ ಸುತ್ತಮುತ್ತ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆಂದು ಹಸೆಗೋಡೆಯ ಮೇಲೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ. ಆ ಗೆರೆಗಳ ನಡುವೆ ಮದುಮಕ್ಕಳ ಪಲ್ಲಕ್ಕಿ.

ಈ ಮೂರರ ಫೋಟೋಗಳನ್ನು ಬೇರೆ ಇಪ್ಪತ್ತು ಚಿತ್ರಗಳ ಜೊತೆ ಚಾಪೆಯ ಮೇಲೆ ಹರಡಿ, ಆರೇಳು ವರ್ಷದ ಮಕ್ಕಳಿಗೆ ‘ಜೊತೆ ಸೇರುವಂಥವನ್ನು ಒಂದು ಕಡೆ ಇಡಿ’ ಎಂದು ಹೇಳಿ ನೋಡಿ. ಪಲ್ಲಕ್ಕಿ ಕಣ್ಣಿಗೆ ಬಿತ್ತೆಂದರೆ ಮೂರೂ ಒಂದೇ ಗುಂಪಿಗೆ ಹೋಗುತ್ತವೆ. ಅದು ತಪ್ಪು ಅನ್ನಲಾಗದು, ಮೂರರಲ್ಲೂ ಪಲ್ಲಕ್ಕಿ ಇದ್ದೇ ಇದೆ. ಆದರೆ ಮೊದಲನೆಯದು ಗುರುವಿನ ಮೆರವಣಿಗೆ, ಎರಡನೆಯದು ಒಂದು ಸೈನ್ಯದ ಸೋಲು, ಮೂರನೆಯದು ಮದುವೆಯ ಮನೆಗೆ ಕೋರುವ ಶುಭ. ಆ ಮಗುವನ್ನು ‘ಪಲ್ಲಕ್ಕಿ ಇದೆ’ ಎಂಬಲ್ಲಿಂದ ‘ಇದು ಯಾವುದರ ಚಿತ್ರ’ ಎಂಬಲ್ಲಿಗೆ ಕರೆದುಕೊಂಡು ಹೋಗುವುದೇ ವಿಂಗಡಣೆ ಕಲಿಸುವ ಕೆಲಸ.

ಕನ್ನಡದಲ್ಲಿ ಇದಕ್ಕೊಂದು ತೊಡಕಿದೆ, ಆ ತೊಡಕಿನಲ್ಲೇ ಒಂದು ಅನುಕೂಲವೂ ಇದೆ. ಮೇಜು, ಚೆಂಬು, ಪಲ್ಲಕ್ಕಿ ಇವನ್ನೆಲ್ಲ ನಾವು ವಸ್ತು ಅನ್ನುತ್ತೇವೆ. ಕಥೆಯ ವಸ್ತು, ಕವಿತೆಯ ವಸ್ತು ಎನ್ನುವಾಗಲೂ ಅದೇ ಪದ. ಹಾಗಾಗಿ ‘ಈ ಚಿತ್ರದ ವಸ್ತು ಏನು?’ ಎಂದು ಕೇಳಿದರೆ ಮಗು ಚಿತ್ರದಲ್ಲಿ ಕಾಣುವ ಸಾಮಾನುಗಳ ಪಟ್ಟಿ ಒಪ್ಪಿಸುತ್ತದೆ. ಅದನ್ನು ತಡೆಯಬಾರದು. ಪಟ್ಟಿ ಪೂರ್ತಿ ಹೇಳಲಿ. ಆಮೇಲೆ ಎರಡನೆಯ ಪ್ರಶ್ನೆ: ‘ಇವುಗಳಲ್ಲಿ ಯಾವುದು ಇಲ್ಲದಿದ್ದರೆ ಈ ಚಿತ್ರವೇ ಇರುತ್ತಿರಲಿಲ್ಲ?’

ಈ ಪ್ರಶ್ನೆಗೆ ಉತ್ತರ ಹುಡುಕಲು ಕೈಯೊಂದಿದ್ದರೆ ಸಾಕು. ಚಿತ್ರದ ಒಂದು ಭಾಗವನ್ನು ಅಂಗೈಯಿಂದ ಮುಚ್ಚಬೇಕು, ಉಳಿದದ್ದನ್ನು ನೋಡಬೇಕು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಎಸ್.ಎಲ್. ಹಳದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಜಲವರ್ಣ ಚಿತ್ರವಿದೆ. ಬಹಳ ಜನ ಅದನ್ನು ರವಿವರ್ಮನದೆಂದು ತಿಳಿದುಕೊಂಡೇ ನೋಡಿ ಬರುತ್ತಾರೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಉರಿಗೆ ಮರೆ. ಬೆರಳ ಸಂದಿಯಲ್ಲಿ ಬೆಳಕು ಸೋರಿ ಬೆರಳೇ ಕೆಂಪಾಗಿದೆ. ಹಳದಣಕರ್ ಈ ಚಿತ್ರಕ್ಕಾಗಿ ತಮ್ಮ ಮಗಳನ್ನೇ ನಿಲ್ಲಿಸಿಕೊಂಡಿದ್ದರು. ಹಾಗಾದರೆ ಇದು ಮಗಳ ಭಾವಚಿತ್ರವೆ? ದೀಪದ ಉರಿ ಇರುವ ಜಾಗವನ್ನೂ ಅದರ ಬೆಳಕನ್ನೂ ಮುಚ್ಚಿದರೆ ಕತ್ತಲಲ್ಲಿ ನಿಂತ ಒಬ್ಬ ಹೆಂಗಸು ಉಳಿಯುತ್ತಾಳೆ. ಆ ಚಿತ್ರ ನೋಡಲು ಯಾರೂ ಮೈಸೂರಿಗೆ ಹೋಗುತ್ತಿರಲಿಲ್ಲ. ಕಲಾವಿದರು ಇಟ್ಟ ಹೆಸರಿನಲ್ಲೂ ಮಗಳಿಲ್ಲ, ಅದು ‘ಗ್ಲೋ ಆಫ್ ಹೋಪ್’. ಮಕ್ಕಳು ಈ ಚಿತ್ರವನ್ನು ವ್ಯಕ್ತಿಯ ಗುಂಪಿನಲ್ಲಿಟ್ಟು, ಕೈ ಮುಚ್ಚಿ ನೋಡಿದ ಮೇಲೆ ತಾವೇ ಎತ್ತಿ ಬೇರೆ ಕಡೆ ಇಡುವ ಕ್ಷಣ ನನಗೆ ಬಹಳ ಇಷ್ಟ. ಅವರು ಮೊದಲು ತಪ್ಪಿದ್ದರು ಎಂದಲ್ಲ, ಎರಡನೇ ಸಲ ಇನ್ನೂ ಹತ್ತಿರದಿಂದ ನೋಡಿದರು.

ವಿಂಗಡಿಸುವಾಗ ಮೂರು ಪ್ರಶ್ನೆಗಳು ಒಂದಕ್ಕೊಂದು ಕಲಸಿಹೋಗುತ್ತವೆ: ಯಾವುದರ ಚಿತ್ರ, ಯಾವುದರಿಂದ ಮಾಡಿದ್ದು, ಯಾವ ಶೈಲಿಯದು. ದೊಡ್ಡವರೂ ಇಲ್ಲಿ ಎಡವುತ್ತಾರೆ. ‘ಇವು ಭಾವಚಿತ್ರ, ಇವು ಜಲವರ್ಣ, ಇವು ಮೈಸೂರು ಶೈಲಿ’ ಎಂದು ಗೋಡೆಗೆ ಚೀಟಿ ಅಂಟಿಸಿದ ಶಾಲಾ ಪ್ರದರ್ಶನಗಳನ್ನು ನೋಡಿದ್ದೇನೆ. ಆ ಮೂರು ಚೀಟಿಗಳೂ ಒಂದೇ ಚಿತ್ರಕ್ಕೆ ಸಲ್ಲಬಹುದು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಲು ಗಣಪತಿಗಿಂತ ಒಳ್ಳೆಯ ಉದಾಹರಣೆ ಸಿಗದು. ಹಬ್ಬಕ್ಕೆ ತಂದ ಮಣ್ಣಿನ ಗಣಪ, ಅಂಗಳದಲ್ಲಿ ರಂಗೋಲಿಯ ಗಣಪ, ಮದುವೆ ಕರೆಯೋಲೆಯ ಮೂಲೆಯಲ್ಲಿ ನಾಲ್ಕೇ ಗೆರೆಯ ಗಣಪ, ಚಿನ್ನದ ಹಾಳೆ ಅಂಟಿಸಿದ ಮೈಸೂರು ಶೈಲಿಯ ಗಣಪ. ಸಾಮಗ್ರಿ ನಾಲ್ಕು ಬಗೆ, ಶೈಲಿ ನಾಲ್ಕು ಬಗೆ, ವಸ್ತು ಒಂದೇ. ಈ ನಾಲ್ಕನ್ನೂ ಎದುರಿಗಿಟ್ಟು ಮೊದಲು ‘ಯಾವುದರಿಂದ ಮಾಡಿದ್ದು’ ಎಂದು ವಿಂಗಡಿಸಿ, ಎಲ್ಲವನ್ನೂ ಮತ್ತೆ ಕಲಸಿ, ಆಮೇಲೆ ‘ಯಾವುದರ ಚಿತ್ರ’ ಎಂದು ವಿಂಗಡಿಸಿದರೆ ವ್ಯತ್ಯಾಸ ಬಾಯಿಮಾತಿಲ್ಲದೆ ತಿಳಿಯುತ್ತದೆ.

ಕಲಸಿ ಮತ್ತೆ ಶುರುಮಾಡುವುದು ಮುಖ್ಯ. ಸಣ್ಣ ಮಕ್ಕಳು ವಿಂಗಡಿಸುತ್ತ ವಿಂಗಡಿಸುತ್ತ ನಡುವೆಯೇ ನಿಯಮ ಬದಲಿಸುತ್ತಾರೆ. ಬಣ್ಣ ನೋಡಿ ಶುರುಮಾಡಿದ್ದು ಐದನೇ ಚಿತ್ರದ ಹೊತ್ತಿಗೆ ಆಕಾರಕ್ಕೆ ತಿರುಗಿರುತ್ತದೆ. ಮಕ್ಕಳ ಆಲೋಚನೆಯನ್ನು ಜೀವನವಿಡೀ ಗಮನಿಸಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಒಂದೇ ನಿಯಮವನ್ನು ಕೊನೆಯವರೆಗೆ ಹಿಡಿದಿಟ್ಟುಕೊಳ್ಳುವ ಶಕ್ತಿ ವಯಸ್ಸಿನೊಂದಿಗೆ ಬರುವಂಥದ್ದು. ಹಾಗಾಗಿ ಐದು ವರ್ಷದ ಮಗುವಿಗೆ ಎಂಟು ಚಿತ್ರ, ಎರಡು ಗುಂಪು ಸಾಕು: ಮನುಷ್ಯರಿರುವುದು, ಇಲ್ಲದಿರುವುದು. ಅಮೆರಿಕದ ಮನೋವಿಜ್ಞಾನಿ ಹೋವರ್ಡ್ ಗಾರ್ಡ್ನರ್ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬನೇ ಕಲಾವಿದನ ಚಿತ್ರಗಳನ್ನು ಗುರುತಿಸಿ ಎಂದಾಗ ಚಿಕ್ಕ ಮಕ್ಕಳು ಶೈಲಿಯನ್ನು ಬಿಟ್ಟು, ಚಿತ್ರದಲ್ಲಿ ಏನಿದೆ ಎಂಬುದನ್ನೇ ನೋಡಿ ಜೋಡಿಸಿದ್ದರು. ಅಂದರೆ ‘ಏನಿದೆ’ ಎಂಬ ಬಾಗಿಲು ಮಕ್ಕಳಿಗೆ ಮೊದಲೇ ತೆರೆದಿರುತ್ತದೆ. ನಾವು ಮಾಡಬೇಕಾದ್ದು ಅವರನ್ನು ಹೊಸ್ತಿಲಲ್ಲೇ ನಿಲ್ಲಿಸದೆ ಒಳಗೆ ಕರೆಯುವುದು.

ಈಗ ಗುಂಪುಗಳ ವಿಷಯ. ಪಠ್ಯಗಳಲ್ಲಿ ಬರುವ ಭಾವಚಿತ್ರ, ನಿಸರ್ಗಚಿತ್ರ, ವಸ್ತುಚಿತ್ರ, ದಿನನಿತ್ಯದ ಬದುಕಿನ ಚಿತ್ರ, ಇತಿಹಾಸ ಮತ್ತು ಪುರಾಣದ ಚಿತ್ರ ಎಂಬ ಪಟ್ಟಿ ಬಹುಮಟ್ಟಿಗೆ ಯುರೋಪಿನಿಂದ ಬಂದದ್ದು. ಫ್ರಾನ್ಸಿನ ರಾಜಾಶ್ರಯದ ಕಲಾ ಅಕಾಡೆಮಿಯಲ್ಲಿ 1667ರಲ್ಲಿ ನಡೆದ ಉಪನ್ಯಾಸಗಳ ಸಂಪುಟಕ್ಕೆ ಮುನ್ನುಡಿ ಬರೆದ ಆಂದ್ರೆ ಫೆಲಿಬಿಯೆನ್ ಈ ಗುಂಪುಗಳನ್ನು ಮೆಟ್ಟಿಲಿನಂತೆ ಜೋಡಿಸಿದ. ಕೆಳಗೆ ಹಣ್ಣು ಹೂವು ಚಿಪ್ಪು, ಅದರ ಮೇಲೆ ನಿಸರ್ಗ, ಅದರ ಮೇಲೆ ಪ್ರಾಣಿಗಳು, ಆಮೇಲೆ ವ್ಯಕ್ತಿಗಳು, ತುತ್ತತುದಿಯಲ್ಲಿ ಇತಿಹಾಸ ಪುರಾಣಗಳು. ನಿರ್ಜೀವಕ್ಕಿಂತ ಜೀವಿ ಮೇಲು, ಜೀವಿಗಳಲ್ಲಿ ಮನುಷ್ಯ ಮೇಲು ಎಂಬುದು ಅವನ ತರ್ಕ. ಗುಂಪುಗಳನ್ನು ಮಕ್ಕಳಿಗೆ ಕೊಡೋಣ, ಈ ಮೆಟ್ಟಿಲನ್ನು ಮಾತ್ರ ಕೊಡುವುದು ಬೇಡ. ಬದನೆಕಾಯಿ ಬರೆದ ಹುಡುಗ ಯುದ್ಧ ಬರೆದವನಿಗಿಂತ ಕಡಿಮೆಯವನಲ್ಲ.

ನಿಸರ್ಗಚಿತ್ರಕ್ಕೆ ನಮ್ಮ ಮಕ್ಕಳ ಬಾಯಲ್ಲಿ ಮೊದಲೇ ಒಂದು ಹೆಸರಿದೆ: ಸೀನರಿ. ಎರಡು ಬೆಟ್ಟ, ನಡುವೆ ಅರ್ಧ ಸೂರ್ಯ, ಇಳಿದು ಬರುವ ಹೊಳೆ, ಒಂದು ಗುಡಿಸಲು, ಒಂದು ತೆಂಗಿನ ಮರ. ಬಯಲುಸೀಮೆಯಲ್ಲಿ ಬೆಟ್ಟವನ್ನೇ ಕಾಣದೆ ಬೆಳೆದ ಮಗುವೂ ಇದನ್ನೇ ಬರೆಯುತ್ತದೆ. ಆ ಸೀನರಿಯ ಪಕ್ಕದಲ್ಲಿ ಕೆ. ವೆಂಕಟಪ್ಪನವರ ಊಟಿಯ ಜಲವರ್ಣವೊಂದನ್ನು ಇಟ್ಟು ನೋಡಬೇಕು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತು ಮೈಸೂರಿಗೆ ಮರಳಿದವರು ವೆಂಕಟಪ್ಪ. ಊಟಿಯ ಮಂಜು, ಮಳೆ, ಸಂಜೆಯ ಬೆಳಕನ್ನು ಅವರು ಕೂತು ಕಾದು ನೋಡಿದ್ದಾರೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನದೇ ಗ್ಯಾಲರಿ ಇದೆ. ಎರಡೂ ಸೀನರಿಯೇ, ಎರಡೂ ಒಂದೇ ಗುಂಪು. ಆದರೆ ಒಂದು ಎಲ್ಲಿಯದೂ ಅಲ್ಲದ ಜಾಗ, ಇನ್ನೊಂದು ಒಂದು ದಿನದ ಒಂದು ಹೊತ್ತು. ವಿಂಗಡಣೆಯಿಂದ ಸಿಗುವ ದೊಡ್ಡ ಲಾಭ ಇದೇ ಎಂದು ನನಗೆ ಅನಿಸುತ್ತದೆ. ಒಂದೇ ಗುಂಪಿನಲ್ಲಿ ಅಕ್ಕಪಕ್ಕ ಇಟ್ಟಾಗಲೇ ಚಿತ್ರಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ವಸ್ತುಚಿತ್ರವೆಂದರೆ ವಸ್ತುಗಳೇ ಚಿತ್ರದ ವಸ್ತುವಾಗಿರುವುದು. ಡ್ರಾಯಿಂಗ್ ಪರೀಕ್ಷೆಗೆ ಕೂತ ಹಳಬರಿಗೆ ಆಬ್ಜೆಕ್ಟ್ ಡ್ರಾಯಿಂಗ್ ನೆನಪಿರಬಹುದು: ಹೂಜಿ, ಬಟ್ಟಲು, ಕೆಳಗೊಂದು ಮಡಿಕೆ ಬಿದ್ದ ಬಟ್ಟೆ. ಮಕ್ಕಳಿಗೆ ಇದು ಬೇಸರದ ಗುಂಪು. ಬೇಸರ ಹೋಗಬೇಕಾದರೆ ವ್ಯಾನ್ ಗೋ 1888ರಲ್ಲಿ ಬರೆದ ಎರಡು ಕುರ್ಚಿಗಳನ್ನು ತೋರಿಸಬೇಕು. ಒಂದು ಸಾದಾ ಮರದ ಕುರ್ಚಿ, ಮೇಲೆ ಪೈಪು ಮತ್ತು ತಂಬಾಕು, ಅದು ಅವನದು. ಇನ್ನೊಂದು ಕೈಯಿರುವ, ಸ್ವಲ್ಪ ಠೀವಿಯ ಕುರ್ಚಿ, ಅದರ ಮೇಲೆ ಮೇಣದಬತ್ತಿ ಮತ್ತು ಪುಸ್ತಕಗಳು. ಅದು ಜೊತೆಗಿದ್ದ ಗೆಳೆಯ ಗೊಗೇನನದು. ಎರಡರಲ್ಲೂ ಮನುಷ್ಯರಿಲ್ಲ. ಆದರೂ ಇವು ಇಬ್ಬರ ಭಾವಚಿತ್ರಗಳಲ್ಲವೆ ಎಂದು ಕೇಳಿದರೆ ತರಗತಿ ಎರಡು ಪಾಲಾಗುತ್ತದೆ. ತೀರಿಹೋದ ಅಜ್ಜನ ಆರಾಮಕುರ್ಚಿ ಮನೆಯಲ್ಲಿರುವ ಮಗು ಸಾಮಾನ್ಯವಾಗಿ ‘ಹೌದು’ ಎನ್ನುವವರ ಕಡೆ ಇರುತ್ತದೆ.

ದಿನನಿತ್ಯದ ಬದುಕಿನ ಚಿತ್ರಗಳನ್ನು ಮಕ್ಕಳು ಬೇಗ ಹಿಡಿಯುತ್ತಾರೆ, ಹೆಚ್ಚು ವಿವರಿಸಬೇಕಿಲ್ಲ. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆಂದು ನಂದಲಾಲ್ ಬೋಸ್ ಬರೆದ ಡೋಲು ಬಾರಿಸುವವನು, ಚಮ್ಮಾರ, ನೂಲುವ ಹೆಂಗಸು ಇಂಥವನ್ನು ತೋರಿಸಿ ‘ಇವರ ಹೆಸರೇನು?’ ಎಂದು ಕೇಳಿದರೆ ಸಾಕು. ಹೆಸರು ಬೇಕಿಲ್ಲ, ಕೆಲಸ ಸಾಕು ಎಂಬಲ್ಲಿ ಭಾವಚಿತ್ರಕ್ಕೂ ಇದಕ್ಕೂ ಇರುವ ಗೆರೆ ಅವರಿಗೆ ಸಿಕ್ಕಿಬಿಡುತ್ತದೆ.

ತಡೆದು ನಿಲ್ಲಬೇಕಾದ ಗುಂಪು ದೇವರು ಮತ್ತು ಪುರಾಣದ್ದು. ಯುರೋಪಿನ ಪಟ್ಟಿ ಇಲ್ಲಿ ನಮಗೆ ಅರ್ಧ ದಾರಿ ಮಾತ್ರ ಜೊತೆ ಬರುತ್ತದೆ. ನಮ್ಮ ಮನೆಗಳಲ್ಲಿ ‘ದೇವರ ಪಟ’ ಎಂಬ ಗುಂಪು ಯಾರೂ ಕಲಿಸದೆಯೇ ಇದೆ. ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದೂ ಪಟವೇ. ರವಿವರ್ಮನ ಮುದ್ರಣಾಲಯ 1890ರ ದಶಕದಲ್ಲಿ ಬಣ್ಣದ ಅಚ್ಚಿನ ಲಕ್ಷ್ಮಿ ಸರಸ್ವತಿಯರನ್ನು ಮನೆಮನೆಗೆ ತಲುಪಿಸಲು ಶುರುಮಾಡಿದ ಮೇಲೆ ಪೂಜೆಯ ಗೂಡಿನಲ್ಲಿ ಈ ಪಟಗಳಿಗೆ ಜಾಗ ಖಾಯಂ ಆಯಿತು. ಅದೇ ರವಿವರ್ಮ 1899ರಲ್ಲಿ ಹಂಸ ದಮಯಂತಿ ಬರೆದ. ಕಮಲದಲ್ಲಿ ನಿಂತ ಲಕ್ಷ್ಮಿಯನ್ನೂ ಹಂಸದ ಮಾತು ಕೇಳುತ್ತಿರುವ ದಮಯಂತಿಯನ್ನೂ ‘ಪುರಾಣ’ ಎಂದು ಒಂದೇ ಗುಂಪಿಗೆ ಹಾಕಿಬಿಟ್ಟರೆ ಮಗು ದೊಡ್ಡದೊಂದನ್ನು ಕಳೆದುಕೊಳ್ಳುತ್ತದೆ. ನಾನು ಕೇಳುವ ಪ್ರಶ್ನೆ ಇದು: ‘ಇವರು ನಮ್ಮ ಕಡೆ ನೋಡುತ್ತಿದ್ದಾರೋ, ತಮ್ಮ ಕಥೆಯೊಳಗೆ ಮುಳುಗಿದ್ದಾರೋ?’ ಲಕ್ಷ್ಮಿ ನಮ್ಮೆದುರಿಗೆ ನಿಂತಿದ್ದಾಳೆ, ನಾವು ಕೈ ಮುಗಿಯಲೆಂದೇ ಆ ಚಿತ್ರ. ದಮಯಂತಿಗೆ ನಾವಿದ್ದೇವೆಂಬ ಪರಿವೆಯೇ ಇಲ್ಲ, ಅವಳ ಗಮನವೆಲ್ಲ ಹಂಸದ ಬಾಯಿಂದ ಬರುತ್ತಿರುವ ನಳನ ಸುದ್ದಿಯ ಮೇಲೆ. ಪಟ ಒಂದು ಗುಂಪು, ಕಥೆ ಇನ್ನೊಂದು.

ದಮಯಂತಿಯ ಚಿತ್ರ ಇನ್ನೊಂದು ವಿಷಯವನ್ನೂ ಹೊರಗೆ ತರುತ್ತದೆ. ನಳನ ಕಥೆ ಕೇಳಿರದ ಮಗು ‘ಒಬ್ಬರು ಆಂಟಿ ಹಕ್ಕಿ ನೋಡುತ್ತಿದ್ದಾರೆ’ ಎಂದು ಹೇಳಿ ಅದನ್ನು ದಿನನಿತ್ಯದ ಗುಂಪಿಗೆ ಹಾಕುತ್ತದೆ. ಕಣ್ಣಿಗೆ ಕಂಡದ್ದಷ್ಟನ್ನೇ ಲೆಕ್ಕ ಹಾಕಿದರೆ ಅದು ಸರಿ. ಕಲಾ ಇತಿಹಾಸಕಾರ ಎರ್ವಿನ್ ಪನೋಫ್ಸ್ಕಿ 1939ರಲ್ಲಿ ಇದಕ್ಕೊಂದು ಸರಳ ಉದಾಹರಣೆ ಕೊಟ್ಟರು. ರಸ್ತೆಯಲ್ಲಿ ಪರಿಚಯದವನೊಬ್ಬ ಟೋಪಿ ಎತ್ತುತ್ತಾನೆ. ಟೋಪಿ ಮೇಲೆ ಹೋದದ್ದು ಕಣ್ಣಿಗೆ ಕಾಣುತ್ತದೆ, ಅದು ನಮಸ್ಕಾರವೆಂದು ತಿಳಿಯಲು ಆ ಊರಿನ ರೂಢಿ ಗೊತ್ತಿರಬೇಕು. ಹಾಗೆಯೇ ಚಿತ್ರದ ವಸ್ತುವಿನಲ್ಲಿ ಕಾಣುವ ಒಂದು ಪದರ, ತಿಳಿದಿರಬೇಕಾದ ಒಂದು ಪದರ ಇದೆ. ಹಂಪಿಯ ಚಾವಣಿಯಲ್ಲೇ ನೀರಿನ ಪ್ರತಿಬಿಂಬ ನೋಡಿ ಮೀನಿಗೆ ಬಾಣ ಬಿಡುವ ಅರ್ಜುನನಿದ್ದಾನೆ. ಮಹಾಭಾರತ ಗೊತ್ತಿದ್ದರೆ ಅದು ದ್ರೌಪದಿಯ ಸ್ವಯಂವರ, ಗೊತ್ತಿಲ್ಲದಿದ್ದರೆ ಒಬ್ಬ ಬೇಟೆಗಾರ. ಆದ್ದರಿಂದ ವಿಂಗಡಣೆಯ ನಡುವೆ ಕಥೆ ಹೇಳಲು ಸಮಯ ಇಟ್ಟುಕೊಳ್ಳಬೇಕು. ಆದರೆ ಮಕ್ಕಳು ಒಮ್ಮೆ ತಾವೇ ವಿಂಗಡಿಸಿದ ಮೇಲೆ. ಮೊದಲೇ ಹೇಳಿಬಿಟ್ಟರೆ ಅವರು ಚಿತ್ರ ನೋಡುವುದನ್ನು ಬಿಟ್ಟು ನಮ್ಮ ಬಾಯಿ ನೋಡುತ್ತಾರೆ.

ಗುಂಪುಗಳು ಆಕಾಶದಿಂದ ಇಳಿದದ್ದಲ್ಲ ಎಂಬುದನ್ನು ಹತ್ತು ಹನ್ನೊಂದರ ಮಕ್ಕಳಿಗೆ ಹೇಳಲೇಬೇಕು. ಚೀನಾದ ಸಾಂಗ್ ದೊರೆ ಹುಯ್‌ಜಾಂಗ್‌ನ ಸಂಗ್ರಹಕ್ಕೆ 1120ರ ಸುಮಾರಿಗೆ ಒಂದು ಪಟ್ಟಿ ತಯಾರಾಯಿತು. ಅದರಲ್ಲಿ ಹತ್ತು ಗುಂಪುಗಳು. ಬೆಟ್ಟ ಮತ್ತು ನೀರು ಒಂದು, ಹೂವು ಮತ್ತು ಹಕ್ಕಿ ಒಂದು, ಡ್ರ್ಯಾಗನ್ ಮತ್ತು ಮೀನು ಒಂದು, ಕಪ್ಪು ಶಾಯಿಯ ಬಿದಿರು ತಾನೇ ಒಂದು ಗುಂಪು! ಹೆಚ್ಚುಕಡಿಮೆ ಅದೇ ಕಾಲಕ್ಕೆ, ಇಲ್ಲಿ ಕಲ್ಯಾಣದಲ್ಲಿ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಚಿತ್ರಗಳನ್ನು ಇನ್ನೊಂದೇ ರೀತಿ ವಿಂಗಡಿಸಿದ. ಕನ್ನಡಿಯೊಳಗಿನ ಬಿಂಬದಂತೆ ಹೋಲುವುದು ವಿದ್ಧಚಿತ್ರ, ಹಾಗೆ ಹೋಲದೆ ಕಲ್ಪಿಸಿಕೊಂಡು ಬರೆದದ್ದು ಅವಿದ್ಧ, ನೋಡಿದೊಡನೆ ಮನಸ್ಸಿನಲ್ಲಿ ಶೃಂಗಾರ ಮೊದಲಾದವನ್ನು ಎಬ್ಬಿಸುವುದು ಭಾವಚಿತ್ರ, ಪುಡಿಯಿಂದ ಬರೆದದ್ದು ಧೂಳಿಚಿತ್ರ. ನಾವು ಇವತ್ತು ‘ಭಾವಚಿತ್ರ’ ಎನ್ನುವುದಕ್ಕೂ ಅವನ ಭಾವಚಿತ್ರಕ್ಕೂ ಎಷ್ಟು ದೂರ ನೋಡಿ. ಬೆಳಿಗ್ಗೆ ಅಂಗಳದಲ್ಲಿ ಅಮ್ಮ ಬಿಡುವ ರಂಗೋಲಿಯ ಬಗೆಗೆ ಒಬ್ಬ ದೊರೆ ಒಂಬೈನೂರು ವರ್ಷದ ಹಿಂದೆ ಹೆಸರಿಟ್ಟಿದ್ದ ಎಂದರೆ ಮಕ್ಕಳ ಕಣ್ಣರಳುತ್ತದೆ. ಆದರೆ ಗಮನಿಸಬೇಕು, ಅವನ ವಿಂಗಡಣೆ ‘ಯಾವುದರ ಚಿತ್ರ’ ಎಂದು ಕೇಳುವುದಿಲ್ಲ. ‘ಹೇಗೆ, ಯಾವುದರಿಂದ, ಯಾವ ಪರಿಣಾಮಕ್ಕಾಗಿ’ ಎಂದು ಕೇಳುತ್ತದೆ. ಮೇಲೆ ಹೇಳಿದ ಮೂರು ಪ್ರಶ್ನೆಗಳ ವ್ಯತ್ಯಾಸ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ಇದನ್ನು ನಡೆಸಲು ದುಬಾರಿ ಪುಸ್ತಕ ಬೇಕಿಲ್ಲ. ಹಳೆಯ ಕ್ಯಾಲೆಂಡರು, ಕರೆಯೋಲೆ, ಬೆಂಕಿಪೊಟ್ಟಣದ ಚೀಟಿ, ಅಂಚೆಚೀಟಿ, ಪತ್ರಿಕೆಯಲ್ಲಿ ಬಂದ ಚಿತ್ರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದರೆ ಒಂದು ತಿಂಗಳಲ್ಲಿ ಐವತ್ತು ಚಿತ್ರ ಆಗುತ್ತವೆ. ಚಿತ್ರದ ಹೆಸರು, ಕಲಾವಿದರ ಹೆಸರು ಹಿಂಬದಿಯಲ್ಲಿರಲಿ. ಮೊದಲ ಸುತ್ತಿನಲ್ಲಿ ಗುಂಪಿನ ಹೆಸರನ್ನು ಮಕ್ಕಳೇ ಇಡಬೇಕು. ‘ಸುಮ್ಮನೆ ಕೂತವರು’, ‘ಜಗಳದ್ದು’, ‘ಯಾರೂ ಇಲ್ಲದ್ದು’ ಎಂಬಂಥ ಹೆಸರುಗಳು ಬರುತ್ತವೆ. ಅವನ್ನು ನಕ್ಕು ತಳ್ಳಿಹಾಕಬಾರದು; ‘ಸುಮ್ಮನೆ ಕೂತವರು’ ಭಾವಚಿತ್ರಕ್ಕೆ ಕೆಟ್ಟ ವಿವರಣೆಯೇನಲ್ಲ. ಎರಡನೆಯ ಸುತ್ತಿನಲ್ಲಿ ನಮ್ಮ ಹೆಸರುಗಳನ್ನು ಕೊಡೋಣ. ಪ್ರತಿ ಚಿತ್ರ ಇಡುವಾಗ ‘ಯಾಕೆ?’ ಎಂಬ ಪ್ರಶ್ನೆಗೆ ಚಿತ್ರದೊಳಗಿಂದಲೇ ಒಂದು ಕಾರಣ ಬೆರಳಿಟ್ಟು ತೋರಿಸಬೇಕು. ‘ನನಗೆ ಹಾಗನಿಸಿತು’ ಎಂದರೆ ಚಿತ್ರ ಕೈಯಲ್ಲೇ ಇರಲಿ, ಇನ್ನೊಮ್ಮೆ ನೋಡಲಿ. ಕಾರಣ ಇದ್ದು ಗುಂಪು ತಪ್ಪಿದ್ದರೂ ನನಗೆ ಚಿಂತೆಯಿಲ್ಲ. ಕಾರಣವಿಲ್ಲದೆ ಗುಂಪು ಸರಿಯಾಗಿದ್ದರೆ ಚಿಂತೆ.

ಕೊನೆಗೆ, ಸುಲಭವಾಗಿ ಯಾವ ಗುಂಪಿಗೂ ಸೇರದ ಗಟ್ಟಿ ಚಿತ್ರಗಳು. ಬ್ರೂಗೆಲ್‌ನದೆಂದು ಹೆಸರಾದ, ಬ್ರಸೆಲ್ಸಿನಲ್ಲಿರುವ, ಗ್ರೀಕ್ ಪುರಾಣದ ಇಕಾರಸ್‌ನ ಚಿತ್ರದಲ್ಲಿ ರೈತ ಉಳುತ್ತಿದ್ದಾನೆ, ಕುರಿಗಾಹಿ ಆಕಾಶ ನೋಡುತ್ತಿದ್ದಾನೆ, ಹಡಗು ಹೊರಟಿದೆ. ಮೂಲೆಯ ನೀರಿನಲ್ಲಿ ಎರಡು ಪುಟ್ಟ ಕಾಲುಗಳು. ಮೇಣದ ರೆಕ್ಕೆ ಕರಗಿ ಬಿದ್ದ ಹುಡುಗ ಮುಳುಗುತ್ತಿದ್ದಾನೆ. ಇಲ್ಲಿ ಅಂಗೈ ಪರೀಕ್ಷೆ ಕೈಕೊಡುತ್ತದೆ: ಆ ಕಾಲುಗಳನ್ನು ಒಂದು ಬೆರಳಿನಿಂದ ಮುಚ್ಚಬಹುದು, ಚಿತ್ರಕ್ಕೆ ಏನೂ ಆಗುವುದಿಲ್ಲ, ಚೆಂದದ ಸೀನರಿಯಾಗಿ ಉಳಿಯುತ್ತದೆ. ಬೆರಳು ತೆಗೆದರೆ ಒಂದು ಸಾವು, ಅದನ್ನು ಗಮನಿಸದ ಒಂದು ಊರು. ಆರ್ಚಿಂಬೋಲ್ಡೊ ಎಂಬ ಇಟಲಿಯ ಚಿತ್ರಕಾರ 16ನೇ ಶತಮಾನದಲ್ಲಿ ತರಕಾರಿ ತುಂಬಿದ ಬೋಗುಣಿಯೊಂದನ್ನು ಬರೆದ. ತಲೆಕೆಳಗು ಮಾಡಿದರೆ ಅದು ದಪ್ಪ ಮೂಗಿನ, ಉಬ್ಬಿದ ಕೆನ್ನೆಯ ಮನುಷ್ಯ, ಬೋಗುಣಿ ಅವನ ಟೋಪಿ. ಈ ಚಿತ್ರವನ್ನು ಕೈಗೆ ಕೊಟ್ಟು ಸುಮ್ಮನಿದ್ದುಬಿಡುವುದೇ ಒಳ್ಳೆಯದು.

ಏನೂ ಕಾಣದ ಚಿತ್ರಗಳೂ ಇವೆ. ಚಿತ್ರಕಾರ ಎಸ್.ಎಚ್. ರಜಾ ಅವರ ಬಿಂದುವನ್ನು, ಅಂದರೆ ಆ ದೊಡ್ಡ ದುಂಡು ಚುಕ್ಕಿಯನ್ನು, ಎಲ್ಲಿಡುವುದು? ಬಣ್ಣ, ಆಕಾರಗಳೇ ಎಲ್ಲವೂ ಆಗಿರುವ ಅಮೂರ್ತ ಚಿತ್ರಕ್ಕೆ ‘ಏನಿದೆ’ ಎಂಬ ಪ್ರಶ್ನೆ ಅಷ್ಟಾಗಿ ಅಂಟುವುದಿಲ್ಲ. ಅದಕ್ಕೆ ಬೇರೆಯೇ ಜಾಗ ಕೊಡಬೇಕು. ಹಸೆಗೋಡೆಯ ಚಿತ್ತಾರವನ್ನೂ ಪೇಟೆಯ ಮಕ್ಕಳು ಮೊದಲು ಅಲ್ಲೇ ಇಡುತ್ತಾರೆ: ಬರೀ ಗೆರೆ, ಬರೀ ಚೌಕ. ಆ ಗೆರೆಗಳಲ್ಲಿ ಮದುಮಕ್ಕಳನ್ನು ತೋರಿಸಿ, ಭತ್ತದ ತೆನೆ ತೋರಿಸಿ, ಪಲ್ಲಕ್ಕಿ ತೋರಿಸಿದರೆ ಒಬ್ಬರಾದರೂ ಅದನ್ನು ಎತ್ತಿಕೊಂಡು ನಿಂತುಬಿಡುತ್ತಾರೆ. ಎಲ್ಲಿಡುವುದೆಂದು ತಿಳಿಯುವುದಿಲ್ಲ. ದಿನನಿತ್ಯದ ಬದುಕಿನಲ್ಲೋ, ದೇವರ ಪಟದ ಪಕ್ಕದಲ್ಲೋ, ಹೊಸ ಗುಂಪಿನಲ್ಲೋ.

ಅಂಥವಕ್ಕೆಂದೇ ನಾನು ಒಂದು ದೊಡ್ಡ ಲಕೋಟೆ ಇಟ್ಟುಕೊಂಡಿದ್ದೇನೆ, ಮೇಲೆ ‘ಇನ್ನೂ ಗೊತ್ತಿಲ್ಲ’ ಎಂದು ಬರೆದಿದೆ. ದೀಪದ ಹೆಂಗಸು, ಎರಡು ಕುರ್ಚಿಗಳು, ತರಕಾರಿ ಮನುಷ್ಯ, ನೀರಿನಲ್ಲಿ ಮುಳುಗುವ ಕಾಲುಗಳು, ಹಸೆಗೋಡೆಯ ಪಲ್ಲಕ್ಕಿ ಎಲ್ಲ ಅದರೊಳಗೆ ಹೋಗುತ್ತವೆ. ಮುಂದಿನ ವಾರ ಮಕ್ಕಳು ಬಂದು ಕೂತಾಗ ಮೊದಲು ಬಿಚ್ಚುವುದು ಅದನ್ನೇ.